ಏಂಜೆಲ್ ಐಲ್ಯಾಂಡ್ ವಲಸೆ ಮ್ಯೂಸಿಯಂ: ಹೊರಡುವ ಮುಂಚೆ ಎಲ್ಲರೂ ಕೇಳುವ ಪ್ರಶ್ನೆಗಳು

ಊರಿಂದ ಅಪ್ಪ ಅಮ್ಮ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾಗೆ ಬಂದಾಗ ತೋರಿಸುವ ಜಾಗಗಳ ಪಟ್ಟಿ ನಮ್ಮವರ ಮನೆಗಳಲ್ಲಿ ಹೆಚ್ಚುಕಡಿಮೆ ಒಂದೇ. ಗೋಲ್ಡನ್ ಗೇಟ್ ಸೇತುವೆ, ಅಲ್ಕಟ್ರಾಜ್ ಜೈಲು, ಲಿವರ್‌ಮೋರ್ ದೇವಸ್ಥಾನ. ಈ ಪಟ್ಟಿಗೆ ಏಂಜೆಲ್ ಐಲ್ಯಾಂಡ್ ಕೂಡ ಸೇರಬೇಕು ಅನ್ನೋದು ನನ್ನ ಬಹಳ ದಿನದ ಆಸೆ. ನಾನು ಮೊದಲ ಸಲ ಹೋದಾಗ ಗೆಳೆಯರ ಜೊತೆ ದ್ವೀಪ ಸುತ್ತಿ, ಊಟ ಮಾಡಿ, ಫೋಟೋ ತೆಗೆದುಕೊಂಡು ವಾಪಸ್ ಬಂದುಬಿಟ್ಟೆ. ಒಂದು ಕಾಲದಲ್ಲಿ ವಲಸೆ ಬಂದವರನ್ನು ಕೂಡಿಹಾಕುತ್ತಿದ್ದ, ಗೋಡೆಗಳ ಮೇಲೆ ಅವರು ಕವಿತೆ ಕೆತ್ತಿದ ಆ ಮರದ ಕಟ್ಟಡದ ಒಳಗೆ ಕಾಲಿಡಲೇ ಇಲ್ಲ. ಆಮೇಲೆ ಅದರ ಕಥೆ ತಿಳಿದು ತುಂಬಾ ಬೇಜಾರಾಯಿತು. ಅಲ್ಲಿಂದ ಮುಂದೆ ಯಾರೇ ಹೊರಟರೂ ಮೊದಲು ಆ ಕಟ್ಟಡಕ್ಕೆ ಹೋಗಿ ಅಂತ ಹೇಳುತ್ತಲೇ ಇದ್ದೇನೆ. ಅವರು ನನ್ನನ್ನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಇದು ಅಲ್ಕಟ್ರಾಜ್ ಇರುವ ದ್ವೀಪವೇನಾ?

ಅಲ್ಲ. ಎರಡೂ ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲೇ ಇವೆ, ಒಂದರಿಂದ ಇನ್ನೊಂದು ಕಾಣುತ್ತದೆ. ಆದರೆ ದ್ವೀಪಗಳು ಬೇರೆ, ದೋಣಿ ಬೇರೆ, ಟಿಕೆಟ್ ಬೇರೆ. ಅಲ್ಕಟ್ರಾಜ್ ಚಿಕ್ಕ ಬಂಡೆ. ಏಂಜೆಲ್ ಐಲ್ಯಾಂಡ್ ಅದಕ್ಕಿಂತ ಎಷ್ಟೋ ದೊಡ್ಡದು, ಕಾಡು ಬೆಳೆದ ಗುಡ್ಡ. ಈಗ ಅದು ಕ್ಯಾಲಿಫೋರ್ನಿಯಾ ರಾಜ್ಯದ ಪಾರ್ಕ್. ಅಲ್ಕಟ್ರಾಜ್‌ನಲ್ಲಿ ಶಿಕ್ಷೆಯಾದ ಅಪರಾಧಿಗಳಿದ್ದರು. ಏಂಜೆಲ್ ಐಲ್ಯಾಂಡ್‌ನಲ್ಲಿ ತಿಂಗಳುಗಟ್ಟಲೆ ಬೀಗದೊಳಗೆ ಇದ್ದವರ ಮೇಲೆ ಯಾವ ಅಪರಾಧವೂ ಇರಲಿಲ್ಲ. ಅವರು ಅಮೆರಿಕಕ್ಕೆ ಬರಲು ಹಡಗು ಹತ್ತಿದ್ದರು, ಅಷ್ಟೇ.

ಅಲ್ಲಿ ನಡೆದದ್ದಾದರೂ ಏನು?

1910ರ ಜನವರಿ 21ರಂದು ಇಲ್ಲಿ ವಲಸೆ ಠಾಣೆ ಶುರುವಾಯಿತು. 1940ರವರೆಗೆ, ಅಂದರೆ ಸುಮಾರು 30 ವರ್ಷ ನಡೆಯಿತು. ಪೆಸಿಫಿಕ್ ಸಾಗರ ದಾಟಿ ಬಂದ ಹಡಗುಗಳು ಸ್ಯಾನ್ ಫ್ರಾನ್ಸಿಸ್ಕೋ ತಲುಪಿದಾಗ ಅಧಿಕಾರಿಗಳು ಮೊದಲು ಹಡಗಿನಲ್ಲೇ ಕಾಗದ ನೋಡುತ್ತಿದ್ದರು. ಮೇಲಿನ ದರ್ಜೆಯ ಪ್ರಯಾಣಿಕರು, ಅದರಲ್ಲೂ ಬಿಳಿಯರು, ಹೆಚ್ಚಾಗಿ ನೇರ ಊರಿಗೆ ಇಳಿದು ಹೋಗುತ್ತಿದ್ದರು. ಉಳಿದವರನ್ನು ಚಿಕ್ಕ ದೋಣಿಯಲ್ಲಿ ಈ ದ್ವೀಪಕ್ಕೆ ತರುತ್ತಿದ್ದರು. ಅವರಲ್ಲಿ ಚೀನೀಯರೇ ಜಾಸ್ತಿ. ಜಪಾನೀಯರು, ಕೊರಿಯನ್ನರು, ರಷ್ಯನ್ನರು, ಮೆಕ್ಸಿಕೋದವರು, ಫಿಲಿಪೀನ್ಸ್‌ನವರು, ನಮ್ಮ ಪಂಜಾಬಿಗಳೂ ಇದ್ದರು.

ದ್ವೀಪಕ್ಕೆ ಬಂದ ಕೂಡಲೇ ಗಂಡಸರನ್ನೂ ಹೆಂಗಸರನ್ನೂ ಬೇರೆ ಮಾಡುತ್ತಿದ್ದರು. ಗಂಡ ಹೆಂಡತಿಗೂ ಇದೇ ನಿಯಮ. ಏಷ್ಯಾದವರನ್ನು ಯುರೋಪಿನವರಿಂದ ಬೇರೆ ಇಡುತ್ತಿದ್ದರು. ಆಮೇಲೆ ವೈದ್ಯರ ತಪಾಸಣೆ. ಕಣ್ಣಿನ ಟ್ರಕೋಮಾ, ಹೊಟ್ಟೆಯ ಕೊಕ್ಕೆಹುಳು ಇದೆಯಾ ಅಂತ ನೋಡುತ್ತಿದ್ದರು. ಮಲ ಪರೀಕ್ಷೆಯೂ ಆಗಬೇಕಿತ್ತು. ಅಪರಿಚಿತರ ಮುಂದೆ ಬಟ್ಟೆ ಬಿಚ್ಚಿ ನಿಲ್ಲುವುದು ಅವರಿಗೆಲ್ಲ ಎಂಥ ಅವಮಾನ ಅನ್ನಿಸಿರಬೇಕು, ಯೋಚಿಸಿ. ತಪಾಸಣೆ ಮುಗಿದ ಮೇಲೆ ವಿಚಾರಣೆಯ ದಿನಕ್ಕಾಗಿ ಕಾಯುವುದು. ಕೆಲವರಿಗೆ ಎರಡು ದಿನ, ಹಲವರಿಗೆ ಎರಡು ಮೂರು ವಾರ, ಇನ್ನು ಕೆಲವರಿಗೆ ತಿಂಗಳುಗಳು. ಎರಡು ವರ್ಷದ ಹತ್ತಿರ ಇದ್ದವರೂ ಉಂಟು.

ನ್ಯೂಯಾರ್ಕಿನ ಎಲ್ಲಿಸ್ ಐಲ್ಯಾಂಡ್ ನೋಡಿದ್ದೇವೆ. ಇದೂ ಅದೇ ತರಹ ಅಲ್ವಾ?

ಕೆಲಸದ ಹೆಸರು ಒಂದೇ, ನಡೆದದ್ದು ಬೇರೆ. ಎಲ್ಲಿಸ್ ಐಲ್ಯಾಂಡ್‌ನಲ್ಲಿ 1892ರಿಂದ 1954ರ ನಡುವೆ ಸುಮಾರು 1 ಕೋಟಿ 20 ಲಕ್ಷ ಜನ ದಾಟಿದರು. ಬಹುಪಾಲು ಯುರೋಪಿನವರು. ಹೆಚ್ಚಿನವರು ಕೆಲವೇ ಗಂಟೆಗಳಲ್ಲಿ ಹೊರಗೆ ಬಂದರು. ನೂರಕ್ಕೆ ಇಬ್ಬರನ್ನು ಮಾತ್ರ ವಾಪಸ್ ಕಳಿಸಿದರು ಅಂತ ಲೆಕ್ಕ. ಅಲ್ಲಿನ ಅಧಿಕಾರಿಗಳ ಕೆಲಸ ಬಂದವರನ್ನು ಒಳಗೆ ಬಿಡುವುದು. ಏಂಜೆಲ್ ಐಲ್ಯಾಂಡ್ ಕಟ್ಟಿದ ಉದ್ದೇಶವೇ ತಡೆಯುವುದು. 1882ರಲ್ಲೇ ಅಮೆರಿಕ ಚೀನೀ ಕೂಲಿಕಾರರ ಪ್ರವೇಶವನ್ನು ಕಾನೂನು ಮಾಡಿ ನಿಲ್ಲಿಸಿತ್ತು. ಒಂದು ದೇಶದ ಹೆಸರು ಹಿಡಿದು ಮಾಡಿದ ಆ ಕಾನೂನು ಹೋಗಿದ್ದು 1943ರಲ್ಲಿ. ಈ ಠಾಣೆ ಆ ಕಾನೂನಿನ ಕಾವಲುಗಾರ.

ಎಲ್ಲಿಸ್ ಐಲ್ಯಾಂಡ್‌ನ ದೊಡ್ಡ ಹಾಲ್ ನೋಡಿದಾಗ ಕಣ್ಣು ತಾನಾಗಿ ಮೇಲೆ ಹೋಗುತ್ತದೆ. ಇಲ್ಲಿ ಹಾಗಿಲ್ಲ. ಮರದ ಎರಡು ಅಂತಸ್ತಿನ ಕಟ್ಟಡ, ತಗ್ಗಿದ ಕೋಣೆಗಳು, ಕಿಟಕಿಯಾಚೆ ತಂತಿ ಬೇಲಿ. ಎರಡನ್ನೂ ನೋಡಿದವರಿಗೆ ಅಮೆರಿಕದ ವಲಸೆಯ ಕಥೆ ಪೂರ್ತಿ ಸಿಗುತ್ತದೆ.

ದ್ವೀಪಕ್ಕೆ ಹೋಗುವುದು ಹೇಗೆ?

ಫೆರಿಯಲ್ಲಿ ಮಾತ್ರ. ಸೇತುವೆ ಇಲ್ಲ, ಸ್ವಂತ ಕಾರು ಒಯ್ಯಲು ಆಗುವುದಿಲ್ಲ. ಎರಡು ದಾರಿ ಇವೆ. ಒಂದು, ಸ್ಯಾನ್ ಫ್ರಾನ್ಸಿಸ್ಕೋದ ಫೆರಿ ಬಿಲ್ಡಿಂಗ್‌ನಿಂದ ಗೋಲ್ಡನ್ ಗೇಟ್ ಫೆರಿ. ಸುಮಾರು ಅರ್ಧ ಗಂಟೆ. ಬಾರ್ಟ್ ರೈಲಿನಲ್ಲಿ ಎಂಬಾರ್ಕಡೆರೋ ನಿಲ್ದಾಣದಲ್ಲಿ ಇಳಿದರೆ ನಡೆದು ಹೋಗುವಷ್ಟು ಹತ್ತಿರ. ಇನ್ನೊಂದು, ಆಚೆ ದಡದ ಟಿಬುರಾನ್ ಊರಿನಿಂದ ಹೊರಡುವ ಚಿಕ್ಕ ಫೆರಿ. ಅದು ಹತ್ತು ಹದಿನೈದು ನಿಮಿಷದ ದಾರಿ. ಕಾರಿದ್ದವರಿಗೆ, ಪಾರ್ಕಿಂಗ್ ಹುಡುಕುವ ತಾಳ್ಮೆ ಇದ್ದವರಿಗೆ ಇದು ಚೆನ್ನ.

ಚಳಿಗಾಲದಲ್ಲಿ ಫೆರಿ ಕಡಿಮೆ. ವಾರದ ದಿನಗಳಲ್ಲಿ ಹೋಗುವುದಾದರೆ ಹಿಂದಿನ ದಿನವೇ ವೇಳಾಪಟ್ಟಿ ನೋಡಿ. ಮುಖ್ಯವಾಗಿ ಕೊನೆಯ ಫೆರಿ ಎಷ್ಟು ಗಂಟೆಗೆ ಅಂತ ಬರೆದಿಟ್ಟುಕೊಳ್ಳಿ. ಅದು ತಪ್ಪಿದರೆ ಖಾಸಗಿ ದೋಣಿ ಕರೆಸಬೇಕು, ತುಂಬಾ ದುಬಾರಿ.

ಮ್ಯೂಸಿಯಂ ಎಲ್ಲಾ ದಿನ ತೆಗೆದಿರುತ್ತಾ?

ಇಲ್ಲ, ಮತ್ತೆ ತೆಗೆದ ದಿನವೂ ಇಡೀ ದಿನ ಇರುವುದಿಲ್ಲ. ಪಾರ್ಕ್ ತೆಗೆದಿದೆ ಅಂದ ಮಾತ್ರಕ್ಕೆ ಮ್ಯೂಸಿಯಂ ತೆಗೆದಿದೆ ಅಂತ ಅಲ್ಲ. ಸಾಮಾನ್ಯವಾಗಿ ವಾರದ ಮೊದಲ ದಿನಗಳಲ್ಲಿ ಮುಚ್ಚಿರುತ್ತದೆ. ಮಧ್ಯಾಹ್ನ ಬೇಗ ಬಾಗಿಲು ಹಾಕುತ್ತಾರೆ. ಪಾರ್ಕಿನ ವೆಬ್‌ಸೈಟ್‌ನಲ್ಲಿ ಸಮಯ ನೋಡಿ, ಅದಕ್ಕೆ ಹೊಂದುವ ಫೆರಿ ಹಿಡಿಯಿರಿ. ಬೆಳಗಿನ ಮೊದಲ ಫೆರಿಯೇ ಒಳ್ಳೆಯದು. ಟಿಕೆಟ್ ದರಗಳೂ ಆಗಾಗ ಬದಲಾಗುತ್ತವೆ, ಅವನ್ನೂ ಅಲ್ಲೇ ನೋಡಿಬಿಡಿ.

ಫೆರಿ ಇಳಿದ ತಕ್ಷಣ ಮ್ಯೂಸಿಯಂ ಸಿಗುತ್ತಾ? ಅಪ್ಪನಿಗೆ ಮಂಡಿನೋವು.

ಸಿಗುವುದಿಲ್ಲ. ಇದೇ ನಾನು ಎಲ್ಲರಿಗೂ ಒತ್ತಿ ಹೇಳುವ ವಿಷಯ. ಫೆರಿ ನಿಲ್ಲುವುದು ಅಯಾಲಾ ಕೋವ್‌ನಲ್ಲಿ. ವಲಸೆ ಠಾಣೆ ಇರುವುದು ದ್ವೀಪದ ಇನ್ನೊಂದು ಮಗ್ಗುಲಲ್ಲಿ, ಚೈನಾ ಕೋವ್ ಅನ್ನುವ ಕಡೆ. ನಡೆದರೆ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಶುರುವಿನಲ್ಲೇ ನೂರಕ್ಕೂ ಜಾಸ್ತಿ ಮೆಟ್ಟಿಲು ಹತ್ತಬೇಕು. ಮೆಟ್ಟಿಲು ಬೇಡ ಅಂದರೆ ಸೈಕಲ್ ಹೋಗುವ ಇಳಿಜಾರು ದಾರಿ ಇದೆ, ಸ್ವಲ್ಪ ಸುತ್ತು. ಮೇಲೆ ಹೋದ ಮೇಲೆ ರಸ್ತೆ ಸಲೀಸು. ಠಾಣೆಗೆ ಕೊನೆಗೆ ಇಳಿಯಬೇಕು. ಬರುವಾಗ ಆ ಇಳಿಜಾರೇ ಏರು, ನೆನಪಿರಲಿ.

ಮಂಡಿನೋವು ಇದ್ದವರನ್ನು ನಡೆಸಿಕೊಂಡು ಹೋಗಬೇಡಿ, ದಯವಿಟ್ಟು. ಸೀಸನ್‌ನಲ್ಲಿ ಅಯಾಲಾ ಕೋವ್‌ನಿಂದ ವಾಹನದ ವ್ಯವಸ್ಥೆ ಇರುತ್ತದೆ. ನಡೆಯಲು ಆಗದವರಿಗೆ, ವೀಲ್‌ಚೇರ್ ಬಳಸುವವರಿಗೆ ಏನು ಅನುಕೂಲ ಮಾಡಬಹುದು ಅಂತ ಕೆಲವು ದಿನ ಮುಂಚೆಯೇ ಪಾರ್ಕಿಗೆ ಫೋನ್ ಮಾಡಿ ಕೇಳಿ. ಅಲ್ಲಿಗೆ ಹೋಗಿ ನೋಡಿಕೊಂಡರಾಯಿತು ಅಂದುಕೊಂಡರೆ ಅಪ್ಪ ದಡದ ಬೆಂಚಿನ ಮೇಲೆ ಕೂತು ನಿಮ್ಮ ದಾರಿ ಕಾಯಬೇಕಾಗುತ್ತದೆ.

ಅಲ್ಲಿ ನೋಡಲು ಏನೇನಿದೆ?

ಎರಡು ಕಟ್ಟಡ ಮುಖ್ಯ. ಒಂದು ಬಂದವರನ್ನು ಇರಿಸುತ್ತಿದ್ದ ಬ್ಯಾರಕ್. ಇನ್ನೊಂದು ಠಾಣೆಯ ಹಳೆಯ ಆಸ್ಪತ್ರೆ. ಆಸ್ಪತ್ರೆ ಎಷ್ಟೋ ವರ್ಷ ಹಾಳುಬಿದ್ದಿತ್ತು. ಅದನ್ನು ರಿಪೇರಿ ಮಾಡಿ 2022ರಲ್ಲಿ ಮ್ಯೂಸಿಯಂ ಮಾಡಿದರು. ಬೇರೆ ಬೇರೆ ದೇಶದಿಂದ ಬಂದವರ ಕಥೆಗಳು, ಇವತ್ತಿನ ವಲಸೆಯ ವಿಚಾರ ಅಲ್ಲಿದೆ. ಆಡಳಿತ ಕಚೇರಿ ಇದ್ದ ದೊಡ್ಡ ಕಟ್ಟಡ ಈಗಿಲ್ಲ. 1940ರ ಆಗಸ್ಟ್‌ನಲ್ಲಿ ಅದಕ್ಕೆ ಬೆಂಕಿ ಬಿತ್ತು. ಆ ಬೆಂಕಿಯಿಂದಲೇ ಠಾಣೆ ಮುಚ್ಚಿತು.

ಸಮಯ ಕಡಿಮೆ ಇದ್ದರೆ ಬ್ಯಾರಕ್‌ಗೇ ಹೋಗಿ. ಒಂದರ ಮೇಲೊಂದು ಮೂರು ಅಂತಸ್ತಿನ ಕಬ್ಬಿಣದ ಮಂಚಗಳು, ಹಗ್ಗದ ಮೇಲೆ ನೇತುಹಾಕಿದ ಬಟ್ಟೆ, ಟ್ರಂಕು. ಒಂದೊಂದು ಕೋಣೆಯಲ್ಲಿ ಎಷ್ಟು ಜನ ಹೇಗೆ ಮಲಗುತ್ತಿದ್ದರು ಅಂತ ಕಣ್ಣಿಗೆ ಕಟ್ಟುತ್ತದೆ. ಆದರೆ ನೀವು ಅಲ್ಲಿಗೆ ಹೋಗಬೇಕಾದ್ದು ಮಂಚ ನೋಡಲು ಅಲ್ಲ, ಗೋಡೆ ನೋಡಲು.

ಗೋಡೆಯಲ್ಲಿ ಏನಿದೆ?

ಕವಿತೆಗಳು. ಚೀನೀ ಭಾಷೆಯಲ್ಲಿ, ಹಳೆಯ ಛಂದಸ್ಸಿನಲ್ಲಿ, ಮರದ ಹಲಗೆಯ ಮೇಲೆ ಕೆತ್ತಿದ ಕವಿತೆಗಳು. ಇಲ್ಲಿವರೆಗೆ 200ಕ್ಕೂ ಜಾಸ್ತಿ ಸಿಕ್ಕಿವೆ. ಬರೆದವರು ಹೆಚ್ಚಾಗಿ ದಕ್ಷಿಣ ಚೀನಾದ ಹಳ್ಳಿಗಳಿಂದ ಬಂದ ಹುಡುಗರು, ಗಂಡಸರು. ಬಹಳಷ್ಟು ಕವಿತೆಗಳ ಕೆಳಗೆ ಹೆಸರಿಲ್ಲ. ಊರಿನ ನೆನಪು, ಹಡಗಿನ ಟಿಕೆಟ್‌ಗೆ ಮಾಡಿದ ಸಾಲ, ಅವಮಾನ, ಸಿಟ್ಟು ಎಲ್ಲಾ ಅದರಲ್ಲಿದೆ. ಒಬ್ಬ ಬರೆದದ್ದಕ್ಕೆ ಇನ್ನೊಬ್ಬ ಉತ್ತರ ಬರೆದದ್ದೂ ಉಂಟು. ಜಪಾನಿ, ರಷ್ಯನ್, ಪಂಜಾಬಿ ಹೀಗೆ ಬೇರೆ ಭಾಷೆಯ ಬರಹಗಳೂ ಇವೆ.

ಅಧಿಕಾರಿಗಳಿಗೆ ಇದು ಗೋಡೆ ಹಾಳುಮಾಡುವ ಗೀಚಾಟ. ಪುಟ್ಟಿ ತುಂಬಿಸಿ, ಮೇಲೆ ಬಣ್ಣ ಬಳಿಸಿದರು. ಇವರು ಮತ್ತೆ ಕೆತ್ತಿದರು. ಕಾಲ ಕಳೆದ ಹಾಗೆ ಪುಟ್ಟಿ ಒಣಗಿ ಕುಗ್ಗಿತು, ಅಕ್ಷರದ ಗೆರೆಗಳು ಮತ್ತೆ ಮೇಲೆದ್ದವು. ಬಳಿದ ಬಣ್ಣವೇ ಮರವನ್ನು ಕಾಪಾಡಿತು ಅಂತಲೂ ಹೇಳಬಹುದು.

ಠಾಣೆ ಮುಚ್ಚಿದ ಮೇಲೆ ಎರಡನೇ ಮಹಾಯುದ್ಧದಲ್ಲಿ ಇಲ್ಲಿ ಯುದ್ಧಕೈದಿಗಳನ್ನು ಇಟ್ಟರು. ಆಮೇಲೆ ಕಟ್ಟಡ ಪಾಳುಬಿತ್ತು. ಕೆಡವುವ ಯೋಚನೆಯೂ ಆಗಿತ್ತು. 1970ರಲ್ಲಿ ಅಲೆಕ್ಸಾಂಡರ್ ವೈಸ್ ಅನ್ನುವ ಪಾರ್ಕ್ ರೇಂಜರ್ ಒಳಗೆ ಹೋದಾಗ ಗೋಡೆಯ ಮೇಲಿನ ಅಕ್ಷರಗಳು ಕಣ್ಣಿಗೆ ಬಿದ್ದವು. ಅವರಿಗೆ ಓದಲು ಬರುತ್ತಿರಲಿಲ್ಲ, ಆದರೆ ಇದು ಸಾಮಾನ್ಯ ಗೀಚಾಟ ಅಲ್ಲ ಅಂತ ಅನ್ನಿಸಿತು. ಮೇಲಿನವರು ಅಷ್ಟೊಂದು ಆಸಕ್ತಿ ತೋರಿಸಲಿಲ್ಲ. ವೈಸ್ ಬಿಡದೆ ಸ್ಯಾನ್ ಫ್ರಾನ್ಸಿಸ್ಕೋದ ವಿಶ್ವವಿದ್ಯಾಲಯದ ಪರಿಚಯದವರನ್ನು ಕರೆತಂದು ತೋರಿಸಿದರು. ಫೋಟೋ ತೆಗೆಸಿದರು. ಇಲ್ಲಿ ಇದ್ದು ಹೋದವರ ಮಕ್ಕಳು ಮೊಮ್ಮಕ್ಕಳು ಹೋರಾಟಕ್ಕೆ ಇಳಿದರು. 1976ರಲ್ಲಿ ರಾಜ್ಯ ಸರ್ಕಾರ ಹಣ ಕೊಟ್ಟಿತು, 1983ರಲ್ಲಿ ಬ್ಯಾರಕ್ ಜನರಿಗೆ ತೆರೆಯಿತು.

ನಮ್ಮ ಊರುಗಳಲ್ಲಿ ಹೊಲದ ಬದುವಿನಲ್ಲಿ, ಕೆರೆ ಏರಿಯ ಮೇಲೆ ಶಾಸನದ ಕಲ್ಲು ನಿಂತಿರುತ್ತದೆ. ಯಾರೋ ಒಬ್ಬರು ಓದುವವರು ಬರುವವರೆಗೂ ಅದು ಬಟ್ಟೆ ಒಗೆಯುವ ಕಲ್ಲು. ಅಲ್ಲಿ ನಿಂತಾಗ ನನಗೆ ಅದೇ ನೆನಪಾಯಿತು. ನಮ್ಮ ಶಾಸನಗಳು ಹೆಚ್ಚಾಗಿ ರಾಜರ ಮಾತು, ದಾನದ ಮಾತು. ಇಲ್ಲಿ ಕೆತ್ತಿದವರಿಗೆ ಕೊಡಲು ಏನೂ ಇರಲಿಲ್ಲ.

ಒಂದು ಕೊರಗು ಮಾತ್ರ ಉಳಿಯುತ್ತದೆ. ಈಗ ಇರುವುದೆಲ್ಲ ಗಂಡಸರ ಕೋಣೆಯ ಗೋಡೆಗಳು. ಚೀನೀ ಹೆಂಗಸರನ್ನು ಆಡಳಿತ ಕಟ್ಟಡದಲ್ಲಿ ಇಡುತ್ತಿದ್ದರು. ಅಲ್ಲೂ ಗೋಡೆಗಳಲ್ಲಿ ಕವಿತೆ ಇದ್ದವು ಅಂತ ಇದ್ದವರು ನೆನಪಿಸಿಕೊಂಡಿದ್ದಾರೆ. ಅವೆಲ್ಲ ಆ ಬೆಂಕಿಯಲ್ಲಿ ಹೋದವು.

ವಿಚಾರಣೆಯಲ್ಲಿ ಏನು ಕೇಳುತ್ತಿದ್ದರು?

ಇದಕ್ಕೆ ಸ್ವಲ್ಪ ಹಿನ್ನೆಲೆ ಬೇಕು. 1906ರ ಏಪ್ರಿಲ್‌ನ ಭೂಕಂಪ, ಬೆಂಕಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜನನ ದಾಖಲೆಗಳು ಸುಟ್ಟುಹೋದವು. ಅಲ್ಲಿದ್ದ ಹಲವು ಚೀನೀಯರು ನಾವು ಇಲ್ಲೇ ಹುಟ್ಟಿದವರು ಅಂದರು. ಇಲ್ಲ ಅನ್ನಲು ಕಾಗದ ಇರಲಿಲ್ಲ. ಅಲ್ಲಿ ಹುಟ್ಟಿದವರು ಅಮೆರಿಕದ ಪ್ರಜೆಗಳು, ಪ್ರಜೆಯ ಮಕ್ಕಳಿಗೆ ಒಳಗೆ ಬರುವ ಹಕ್ಕಿತ್ತು. ಹೀಗಾಗಿ ಊರಿನಲ್ಲಿ ಇಷ್ಟು ಗಂಡುಮಕ್ಕಳಿದ್ದಾರೆ ಅಂತ ಬರೆಸಿ, ಆ ಹೆಸರನ್ನು ಬೇರೆಯವರ ಮಕ್ಕಳಿಗೆ ಮಾರುವ ದಾರಿ ಹುಟ್ಟಿತು. ಕಾಗದದ ಮಗ ಅಂತಲೇ ಅವರಿಗೆ ಹೆಸರು. ಬೇರೆ ದಾರಿಯನ್ನೆಲ್ಲ ಕಾನೂನು ಮುಚ್ಚಿದಾಗ ಜನ ಹಿಡಿದ ದಾರಿ ಇದು. ನಾನು ಅವರನ್ನು ಮೋಸಗಾರರು ಅನ್ನಲಾರೆ.

ಅಧಿಕಾರಿಗಳಿಗೆ ಇದು ಗೊತ್ತಿತ್ತು. ಅದಕ್ಕೇ ಮಗನನ್ನೂ ಅಪ್ಪನನ್ನೂ ಬೇರೆ ಬೇರೆ ಕೂರಿಸಿ ಪ್ರಶ್ನೆ ಹಾಕುತ್ತಿದ್ದರು. ನಿಮ್ಮ ಮನೆ ಬಾಗಿಲು ಯಾವ ದಿಕ್ಕಿಗೆ? ಮುಂದೆ ಎಷ್ಟು ಮೆಟ್ಟಿಲು? ಅಕ್ಕಿ ಇಡುವ ಡಬ್ಬ ಯಾವ ಮೂಲೆಯಲ್ಲಿದೆ? ನಿಮ್ಮ ಸಾಲಿನ ಮೂರನೇ ಮನೆಯಲ್ಲಿ ಯಾರಿದ್ದಾರೆ? ಬಾವಿ ಎಷ್ಟು ದೂರ? ಇಬ್ಬರ ಉತ್ತರ ಹೊಂದದಿದ್ದರೆ ಹಡಗು ಹತ್ತಿಸಿ ವಾಪಸ್. ಉತ್ತರಗಳನ್ನು ಉರುಹೊಡೆಯಲು ಪುಸ್ತಕ ಮಾಡಿಕೊಂಡು, ದಡ ಸೇರುವ ಮುಂಚೆ ಅದನ್ನು ಸಮುದ್ರಕ್ಕೆ ಎಸೆಯುತ್ತಿದ್ದರು. ನಿಜವಾದ ಮಕ್ಕಳೂ ಉರುಹೊಡೆಯಬೇಕಾಗಿತ್ತು.

ಯಾಕೆ ಅಂತ ನನಗೆ ಅಲ್ಲೇ ಗೊತ್ತಾಯಿತು. ನಮ್ಮಪ್ಪನ ಜೊತೆ ಹೋಗಿದ್ದಾಗ ಆ ಪ್ರಶ್ನೆಗಳನ್ನು ಓದಿ ಹೇಳಿದೆ. ನಮ್ಮ ಹಳ್ಳಿ ಮನೆಯ ಜಗುಲಿಗೆ ಎಷ್ಟು ಮೆಟ್ಟಿಲು ಅಂತ ಕೇಳಿದೆ. ಮೂರು ಅಂದರು. ನನ್ನ ನೆನಪಿನಲ್ಲಿ ನಾಲ್ಕು. ನಾನು ಹುಟ್ಟಿ ಬೆಳೆದ ಮನೆ ಅದು. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಹಾಗಾದರೆ ನಿನ್ನನ್ನೂ ವಾಪಸ್ ಕಳಿಸುತ್ತಿದ್ದರು ಅಲ್ವಾ ಅಂದರು.

ಭಾರತೀಯರೂ ಅಲ್ಲಿ ಇದ್ದರಾ?

ಇದ್ದರು, ಸಾವಿರಗಟ್ಟಲೆ. ಹೆಚ್ಚಿನವರು ಪಂಜಾಬಿನ ರೈತರು, ಸಿಖ್ಖರು. ಕೆಲವರು ವಿದ್ಯಾರ್ಥಿಗಳು, ವ್ಯಾಪಾರಿಗಳು. ಇಲ್ಲಿಗೆ ಬಂದ ಎಲ್ಲಾ ಗುಂಪುಗಳಲ್ಲಿ ಅತಿ ಹೆಚ್ಚು ತಿರಸ್ಕಾರ ಕಂಡವರು ನಮ್ಮವರೇ. ಕೊಕ್ಕೆಹುಳು ಇದೆ ಅಂದರು. ನಾಳೆ ಸರ್ಕಾರಕ್ಕೆ ಹೊರೆಯಾಗುತ್ತೀರಿ ಅಂದರು. 1917ರಲ್ಲಿ ಇಡೀ ಏಷ್ಯಾದ ಬಹುಭಾಗಕ್ಕೆ ಬಾಗಿಲು ಹಾಕುವ ಕಾನೂನು ಬಂತು, ಅದರಲ್ಲಿ ಭಾರತವೂ ಸೇರಿತು.

ಒಂದು ಕುಟುಂಬದ ಕಥೆ ಹೇಳಲೇಬೇಕು. ಪೇಶಾವರದ ವೈಷ್ಣೋ ದಾಸ್ ಬಗಾಯಿ 1915ರಲ್ಲಿ ಹೆಂಡತಿ ಕಲಾ, ಮೂರು ಗಂಡುಮಕ್ಕಳ ಜೊತೆ ಬಂದರು. ಬ್ರಿಟಿಷರ ಆಳ್ವಿಕೆ ಬೇಡ, ಸ್ವತಂತ್ರ ದೇಶದಲ್ಲಿ ಬದುಕಬೇಕು ಅನ್ನೋದು ಅವರ ಆಸೆ. ಕೈಯಲ್ಲಿ 25,000 ಡಾಲರ್ ಇತ್ತು. ಆದರೂ ಏಂಜೆಲ್ ಐಲ್ಯಾಂಡ್‌ನಲ್ಲಿ ಕೆಲವು ದಿನ ಇರಬೇಕಾಯಿತು. ಕಲಾ ಅವರ ಮೂಗುಬೊಟ್ಟು ಅಲ್ಲಿನ ಪತ್ರಿಕೆಗೆ ಸುದ್ದಿಯಾಯಿತು, ಅಷ್ಟು ಅಪರೂಪ ಆಗ ಭಾರತದ ಹೆಂಗಸು. ಬರ್ಕ್ಲಿಯಲ್ಲಿ ಮನೆ ಕೊಂಡು ಸಾಮಾನು ಸಮೇತ ಹೋದರೆ, ಅಕ್ಕಪಕ್ಕದವರು ಮನೆಗೆ ಬೀಗ ಹಾಕಿ ಒಳಗೆ ಬಿಡಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಂಗಡಿ ಇಟ್ಟರು. 1921ರಲ್ಲಿ ವೈಷ್ಣೋ ದಾಸ್ ಅಮೆರಿಕದ ಪ್ರಜೆಯಾದರು. 1923ರಲ್ಲಿ, ಪೌರತ್ವ ಕೇಳಿದ್ದ ಪಂಜಾಬಿ ಭಗತ್ ಸಿಂಗ್ ಥಿಂಡ್ ಅವರ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಭಾರತೀಯರು ಬಿಳಿಯರಲ್ಲ, ಪ್ರಜೆಗಳಾಗಲು ಅರ್ಹರಲ್ಲ ಅಂತ ತೀರ್ಪು ಕೊಟ್ಟಿತು. ಪೌರತ್ವ ಹೋಯಿತು, ಅದರ ಜೊತೆ ಆಸ್ತಿಯ ಹಕ್ಕೂ ಹೋಯಿತು. ಊರಿಗೆ ಹೋಗಿ ಬರಲು ಪಾಸ್‌ಪೋರ್ಟ್ ಕೇಳಿದರೆ, ಬ್ರಿಟಿಷರ ಪ್ರಜೆಯಾಗಿ ಹೋಗಿ ಅಂದರು. 1928ರಲ್ಲಿ ಅವರು ತಮ್ಮ ಜೀವ ತೆಗೆದುಕೊಂಡರು.

ಭಾರತೀಯರಿಗೆ ಪೌರತ್ವದ ಬಾಗಿಲು ಮತ್ತೆ ತೆರೆದದ್ದು 1946ರಲ್ಲಿ. ಅದೂ ವರ್ಷಕ್ಕೆ 100 ಜನಕ್ಕೆ ಮಾತ್ರ ವಲಸೆಯ ಅವಕಾಶ. 1965ರ ಹೊಸ ವಲಸೆ ಕಾನೂನು ಬಂದ ಮೇಲೆ ಡಾಕ್ಟರು, ಇಂಜಿನಿಯರು ಅಂತ ನಮ್ಮ ಕಡೆಯವರು ಬರತೊಡಗಿದರು. ಇವತ್ತು ಸನ್ನಿವೇಲ್, ಫ್ರೀಮಾಂಟ್‌ನಲ್ಲಿ ಕನ್ನಡ ಕಲಿ ತರಗತಿ, ರಾಜ್ಯೋತ್ಸವ ನಡೆಯುತ್ತಿವೆ ಅಂದರೆ ಅದರ ಹಿಂದೆ ಈ ಇಡೀ ಸರಣಿ ಇದೆ. ಹಾಗಾಗಿ ಇದು ಚೀನೀಯರ ಮ್ಯೂಸಿಯಂ, ನಮಗೇನು ಸಂಬಂಧ ಅಂತ ಯಾರಾದರೂ ಅಂದರೆ ನನಗೆ ನೋವಾಗುತ್ತದೆ.

ಊರಿಂದ ಬಂದವರಿಗೆ ಪಾಸ್‌ಪೋರ್ಟ್ ಬೇಕಾ?

ಫೆರಿ ಹತ್ತಲು ಕೇಳುವುದಿಲ್ಲ. ಆದರೆ ವೀಸಾದಲ್ಲಿ ಬಂದವರು ಎಲ್ಲಿ ಓಡಾಡಿದರೂ ಗುರುತಿನ ದಾಖಲೆ ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು.

ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ಖಂಡಿತ. ಎಂಟು ಹತ್ತು ವರ್ಷ ಆದ ಮಕ್ಕಳಿಗೆ ಚೆನ್ನಾಗಿ ಅರ್ಥವಾಗುತ್ತದೆ. ಅಲ್ಲಿ 12 ವರ್ಷದೊಳಗಿನ ಮಕ್ಕಳನ್ನು ಅಮ್ಮಂದಿರ ಜೊತೆ, ಅದಕ್ಕಿಂತ ದೊಡ್ಡ ಹುಡುಗರನ್ನು ಗಂಡಸರ ಕೋಣೆಯಲ್ಲಿ ಇಡುತ್ತಿದ್ದರು ಅಂತ ಹೇಳಿ ನೋಡಿ. ಅವರೇ ಪ್ರಶ್ನೆ ಕೇಳಲು ಶುರುಮಾಡುತ್ತಾರೆ. ಗೋಡೆಗಳನ್ನು ಮುಟ್ಟಬಾರದು ಅಂತ ಮುಂಚೆಯೇ ಹೇಳಿರಿ. ಮೆತ್ತನೆಯ ಮರ, ಬೆರಳು ಸವರಿದರೂ ಸವೆಯುತ್ತದೆ.

ಊಟ, ಬಟ್ಟೆ?

ಕೆಫೆ ಇರುವುದು ಫೆರಿ ನಿಲ್ಲುವ ಕಡೆ, ಅದೂ ಎಲ್ಲಾ ಕಾಲದಲ್ಲಿ ತೆಗೆದಿರುವುದಿಲ್ಲ. ಠಾಣೆಯ ಹತ್ತಿರ ಹೋಟೆಲ್ ಇಲ್ಲ. ಪುಳಿಯೋಗರೆ, ಚಪಾತಿ ಪಲ್ಯ ಕಟ್ಟಿಕೊಂಡು ಹೋಗಿ. ಎಷ್ಟೇ ಬಿಸಿಲಿದ್ದರೂ ಸ್ವೆಟರ್ ಬೇಕು. ಜುಲೈನಲ್ಲೂ ಕೊಲ್ಲಿಯ ಗಾಳಿ ಕೊರೆಯುತ್ತದೆ, ಮಂಜು ಕವಿಯುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಆಕಾಶ ತಿಳಿಯಾಗಿರುತ್ತದೆ. ಅಮ್ಮಂದಿರಿಗೆ ಚಪ್ಪಲಿ ಬಿಟ್ಟು ಶೂ ಹಾಕಿಸಿ.

ಒಟ್ಟು ಎಷ್ಟು ಹೊತ್ತು ಬೇಕು? ಆಮೇಲೆ ಇನ್ನೇನು ನೋಡಬಹುದು?

ಒಂದು ಇಡೀ ದಿನ ಇಟ್ಟುಕೊಳ್ಳಿ. ಎರಡೂ ಕಟ್ಟಡಕ್ಕೆ ಎರಡು ಗಂಟೆ ಬೇಕೇ ಬೇಕು. ಶಕ್ತಿ ಉಳಿದಿದ್ದರೆ ದ್ವೀಪ ಸುತ್ತುವ ರಸ್ತೆ ಸುಮಾರು 8 ಕಿಲೋಮೀಟರ್.

ಇನ್ನೊಂದು ದಿನ ಬಿಡುವಾದರೆ ಎರಡು ಜಾಗಕ್ಕೆ ಹೋಗಿ. ಸ್ಯಾನ್ ಫ್ರಾನ್ಸಿಸ್ಕೋದ ವುಡ್ ಸ್ಟ್ರೀಟ್‌ನಲ್ಲಿ ಗದರ್ ಸ್ಮಾರಕ ಇದೆ. ಭಾರತದ ಸ್ವಾತಂತ್ರ್ಯಕ್ಕಾಗಿ 1913ರಲ್ಲಿ ಈ ಕರಾವಳಿಯ ಭಾರತೀಯರು ಕಟ್ಟಿದ ಪಕ್ಷದ ನೆನಪು ಅದು. ತೆಗೆದಿರುವ ಸಮಯ ಕಡಿಮೆ, ಕೇಳಿಕೊಂಡು ಹೋಗಿ. ಇನ್ನೊಂದು ಬರ್ಕ್ಲಿಯಲ್ಲಿ, ಡೌನ್‌ಟೌನ್ ಬಾರ್ಟ್ ನಿಲ್ದಾಣದಿಂದ ಮೇಲೆ ಬಂದರೆ ಪಕ್ಕದಲ್ಲೇ. ಶಾಟಕ್ ಅವೆನ್ಯೂನ ಒಂದು ತುಂಡು ರಸ್ತೆ. ನೋಡಲು ಏನೂ ಇಲ್ಲ, ಅಂಗಡಿ ಹೋಟೆಲ್‌ಗಳ ನಡುವೆ ಒಂದು ಬೋರ್ಡ್ ಅಷ್ಟೇ. ಕಲಾ ಬಗಾಯಿ ವೇ ಅಂತ ಬರೆದಿದೆ. ಬೀಗ ಹಾಕಿದ ಮನೆಯ ಮುಂದೆ ಮೂರು ಮಕ್ಕಳ ಜೊತೆ ನಿಂತಿದ್ದ ಅದೇ ಕಲಾ, ಅದೇ ಊರು.